ಅವ್ವನನ್ನು ತೊಳೆದವರು

ನೋಟೀಸು ಬರೆದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪನ್ನು ಹೊರಿಸಲು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಅಕ್ಷರ ನನ್ನದು, ಸಹಿ ನನ್ನದು, ಮಸೀದಿಯ ಮೈಕಿನಲ್ಲಿ ಅದನ್ನು ಓದಿದ ದನಿಯೂ ನನ್ನದೇ.

ನನ್ನ ಹೆಸರು ಲಾಡ್ಲೇಸಾಬ ನದಾಫ. ನಾವು ಮುದ್ದೇಬಿಹಾಳದ ಕಡೆಯ ಪಿಂಜಾರರು. ಅರಳೆ ಹಿಂಜಿ ಗಾದಿ ಹೊಲಿಯುವವರು. ಅಪ್ಪನ ಕಾಲಕ್ಕೇ ಪುಣೆಗೆ ಬಂದೆವು. ಧನಕವಡಿಯಲ್ಲಿ ನನ್ನದೊಂದು ಗಾದಿ ಅಂಗಡಿ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮಸೀದಿಯಲ್ಲಿ ಹರಕುಮುರುಕು ಉರ್ದು. ಹಿಂದೂಗಳಿಗೆ ನಾವು ಸಾಬರು. ದೊಡ್ಡ ಮನೆತನದ ಸಾಬರಿಗೆ ನಾವು ನಮಾಜು ಬಾರದ ಪಿಂಜಾರರು. ಎರಡು ಕಡೆಯೂ ನಮಗೆ ಅರ್ಧ ಮಣೆ.

ಗಲ್ಲಿಯ ಮಸೀದಿಗೆ ಹನ್ನೊಂದು ವರ್ಷದಿಂದ ನಾನೇ ಕಾರ್ಯದರ್ಶಿ. ಯಾಕೆಂದರೆ ನಾನು ಸಮಾಧಾನದ ಮನುಷ್ಯ. ಪೊಲೀಸು ಚೌಕಿಯ ಶಾಂತಿ ಸಭೆಗೆ ನನ್ನನ್ನೇ ಕರೆಯುತ್ತಾರೆ. ಗಣಪತಿ ಮಂಡಳದವರು ನನಗೇ ಹಾರ ಹಾಕಿ ಫೋಟೋ ತೆಗೆಸುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹೇಳಿಕೊಂಡೇ ಎಷ್ಟೋ ಜಗಳ ಮುಗಿಸಿದ್ದೇನೆ. ಈಗ ಕೂತು ಲೆಕ್ಕ ಹಾಕಿದರೆ ಹಾವು ಒಂದು ಸಲವೂ ಸತ್ತಿಲ್ಲ. ಕೋಲು ಮಾತ್ರ ಚೆನ್ನಾಗಿದೆ.

ದಾವಲಬಿಯ ಮನೆ ನಮ್ಮ ಗಲ್ಲಿಯ ತುದಿಯಲ್ಲಿ, ತಗಡಿನ ಸೂರಿನದು. ತಾಳಿಕೋಟೆಯವಳು, ನಮ್ಮವಳೇ. ಗಂಡ ಸತ್ತು ಹದಿನಾರು ವರ್ಷ. ಕೌದಿ ಹೊಲಿದು ಬದುಕುತ್ತಾಳೆ. ಅವಳಿಗೆ ಇನ್ನೊಂದು ಕೆಲಸವಿತ್ತು. ಗಲ್ಲಿಯಲ್ಲಿ ಹೆಂಗಸರು ಸತ್ತರೆ ಹೆಣ ತೊಳೆಯುವುದು. ಗುಸಲ್ ಎನ್ನುತ್ತಾರೆ. ಅದು ಪುಣ್ಯದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ, ಮಾಡಲು ಯಾರೂ ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೊಯ್ದು ಹೊಲಿದ ಹೆಣ, ಹಾಸಿಗೆ ಹುಣ್ಣು ಬಿದ್ದು ಬೆನ್ನು ಕೊಳೆತ ಹೆಣ, ಸುಟ್ಟುಕೊಂಡ ಸೊಸೆಯ ಹೆಣ. ಎಲ್ಲವನ್ನೂ ಅವಳೇ ಎತ್ತಿದಳು, ಅವಳೇ ಹೊರಳಿಸಿದಳು. ಹೊಟ್ಟೆ ಒತ್ತಿ ಹೊಲಸು ತೆಗೆದಳು. ಬೋರೆ ಎಲೆ ಕುದಿಸಿದ ನೀರು ಹಾಕಿ, ಕೊನೆಗೆ ಕರ್ಪೂರದ ನೀರು ಹಾಕಿ, ಮೂಗಿಗೆ ಅರಳೆ ಇಟ್ಟು, ಕೂದಲಿಗೆ ಮೂರು ಜಡೆ ಹೆಣೆದು ಕಳಿಸಿದಳು. ತೊಳೆಯುವಾಗ ಹೆಣದ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಯಕ್ಕಾ, ಈಗ ಬಲಕ್ಕ ಹೊಳ್ಳಸ್ತೀನಿ, ಅಂಜಬ್ಯಾಡ, ಎನ್ನುತ್ತಿದ್ದಳಂತೆ. ಮೈಮೇಲೆ ಏನು ಕಂಡರೂ ಅದು ಅವಳ ಬಾಯಿಂದ ಹೊರಗೆ ಬಂದದ್ದಿಲ್ಲ. ಆದರೂ ಮದುವೆ ಮನೆಯಲ್ಲಿ ಅವಳನ್ನು ಯಾರೂ ಮೊದಲ ಪಂಕ್ತಿಗೆ ಕರೆಯಲಿಲ್ಲ. ಹೆಣ ಮುಟ್ಟಿದ ಕೈ ಎಂದು. ನಮ್ಮಲ್ಲಿ ಮೇಲುಕೀಳಿಲ್ಲ ಎಂದು ನಾನೇ ಎಷ್ಟೋ ಸಭೆಯಲ್ಲಿ ಭಾಷಣ ಮಾಡಿದ್ದೇನೆ.

ವರ್ಷಕ್ಕೊಂದು ದಿನ ಅವಳು ದಿವೆ ಘಾಟಿನ ಬುಡಕ್ಕೆ ಹೋಗಿ ಕೂರುತ್ತಿದ್ದಳು. ಜ್ಞಾನೇಶ್ವರರ ಪಾಲಕಿ ಪುಣೆ ಬಿಟ್ಟು ಸಾಸವಡಕ್ಕೆ ಹೊರಡುವ ದಿನ. ಪಾಲಕಿಯ ಜೊತೆ ಪಂಢರಪುರಕ್ಕೆ ನಡೆಯುವ ವಾರಕರಿಗಳ ಚೀಲದ ಪಟ್ಟಿ ಕಿತ್ತಿರುತ್ತದೆ, ಗಂಟು ಹರಿದಿರುತ್ತದೆ. ಘಾಟು ಹತ್ತುವ ಮೊದಲು ದಾವಲಬಿ ಅದನ್ನು ದಬ್ಬಣದಲ್ಲಿ ಹೊಲಿದು ಕೊಡುತ್ತಾಳೆ. ಕಾಸು ಮುಟ್ಟುವುದಿಲ್ಲ. ಅವಳ ಮಾವ ಹಾಕಿಕೊಟ್ಟ ರೂಢಿ. ನಮ್ಮ ಎದುರು ಕಟ್ಟಡದ ರಾಘಣ್ಣ, ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರಾದವರು, ಪ್ರತಿ ವರ್ಷ ಪಾಲಕಿಯ ಜೊತೆ ನಡೆಯುತ್ತಾರೆ. ಅವರೂ ಚೀಲವನ್ನು ಅವಳ ಕೈಯಲ್ಲೇ ಹೊಲಿಸಿಕೊಳ್ಳುತ್ತಿದ್ದರು.

ಈ ವರ್ಷ ಕೇಸರಿ ಶಲ್ಯದ ನಾಲ್ಕು ಹುಡುಗರು ಬಂದರು. ನಾವ ಕಾಯ, ಹೆಸರೇನು, ಎಂದು ಕೇಳಿದರು. ಅವಳು ಹೆಸರು ಹೇಳಿದಳು. ಅಷ್ಟಕ್ಕೇ ಫೋನು ಹೊರಗೆ ಬಂತು. ದಬ್ಬಣಕ್ಕೆ ದಾರ ಪೋಣಿಸುವಾಗ ಹೊಲಿಯುವವರೆಲ್ಲ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಾರೆ. ನಾನೂ ಮಾಡುತ್ತೇನೆ. ಅವಳೂ ಮಾಡಿದಳು. ನೋಡ್ರಿ, ಉಗುಳು ಹಚ್ಚುತ್ತಿದ್ದಾಳೆ, ದೇವರ ದಾರಿಯವರ ಚೀಲಕ್ಕೆ ಎಂಜಲು ಮಾಡುತ್ತಿದ್ದಾಳೆ ಎಂದು ವಿಡಿಯೋದಲ್ಲಿ ಕೂಗಿದರು. ಅವಳ ಗಂಟು ಬಿಚ್ಚಿ ರಸ್ತೆಗೆ ಸುರಿದರು. ಕಿವಿ ಹಿಡಿಸಿ ನಿಲ್ಲಿಸಿದರು. ಐವತ್ತೆಂಟು ವರ್ಷದ ಹೆಂಗಸು. ವಾರಕರಿ ಮುದುಕಿಯೊಬ್ಬಳು ಮರಾಠಿಯಲ್ಲಿ ಆ ಹುಡುಗರಿಗೆ ಬೈಯತೊಡಗಿದಳು. ಅವಳನ್ನೂ ಪಕ್ಕಕ್ಕೆ ತಳ್ಳಿದರು. ರಾಘಣ್ಣ ಹರಿದ ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಏನೂ ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಆ ವಿಡಿಯೋ ನಮ್ಮ ಗಲ್ಲಿಗೂ ಬಂತು. ಆ ಹುಡುಗರ ಕಡೆಯವರು ನೋಡಿ ಸಿಟ್ಟಾದರು, ಅದು ಸರಿ, ಅವರ ಉದ್ದೇಶವೇ ಅದು. ನಮ್ಮ ಕಡೆಯವರೂ ಅವಳ ಮೇಲೆಯೇ ಸಿಟ್ಟಾದರು.

ನಮ್ಮ ಮಸೀದಿಗೆ ಹುಜೇಫಾ ಎಂಬ ಯುವಕ ಬರುತ್ತಾನೆ. ಮಗರಪಟ್ಟಾದ ಕಂಪನಿಯೊಂದರಲ್ಲಿ ದೊಡ್ಡ ಕೆಲಸ. ಭಾನುವಾರ ಗಲ್ಲಿಯ ಹುಡುಗರಿಗೆ ದೀನಿನ, ಅಂದರೆ ಧರ್ಮದ, ಪಾಠ ಹೇಳುತ್ತಾನೆ. ಒರಟನಲ್ಲ. ಸಲಾಂ ಹೇಳದೆ ಎದುರಾಗುವುದಿಲ್ಲ, ದನಿ ಎತ್ತುವುದಿಲ್ಲ. ಅವನು ಕಮಿಟಿಯಲ್ಲಿ ಮೆತ್ತಗೆ ಹೇಳಿದ. ಪಾಲಕಿಗೆ ಸೇವೆ ಮಾಡುವುದು ಶಿರ್ಕ್, ಅಲ್ಲಾಹನಿಗೆ ಪಾಲುದಾರರನ್ನು ಇಡುವ ಪಾಪ. ಹೆಣದ ಜೊತೆ ಮಾತಾಡುವುದು ದೀನಿನಲ್ಲಿಲ್ಲ. ಅವರ ಕಾಲ ಬುಡಕ್ಕೆ ಹೋಗಿ ಕೂತರೆ ಸಿಗುವ ಮರ್ಯಾದೆ ಇದೇ, ನೋಡಿದಿರಲ್ಲ. ಇಂಥವಳ ಕೈಯಲ್ಲಿ ನಮ್ಮ ತಾಯಂದಿರ ಗುಸಲ್ ಮಾಡಿಸಬೇಕೇ, ಎಂದು ಕೇಳಿದ. ಏಳು ಜನ ಗಂಡಸರು ಕೂತಿದ್ದೆವು. ಎಲ್ಲರೂ ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ಕೂತೆವು.

ನನಗೆ ಹೊರಗಿನವರ ಭಯ, ಒಳಗಿನವನ ಭಯ. ಅಂಗಡಿಗೆ ಕಲ್ಲು ಬೀಳುವ ಭಯ, ಮಸೀದಿಯಲ್ಲಿ ಕಾಫಿರ ಎನಿಸಿಕೊಳ್ಳುವ ಭಯ. ಆಗ ನನ್ನ ಸಮಾಧಾನದ ಬುದ್ಧಿ ಕೆಲಸ ಮಾಡಿತು. ಒಂದೇ ನೋಟೀಸಿನಲ್ಲಿ ಇಬ್ಬರನ್ನೂ ತಣ್ಣಗಾಗಿಸಬಹುದು. ದಾವಲಬಿಗೂ ನಮ್ಮ ಜಮಾತಿಗೂ ಸಂಬಂಧವಿಲ್ಲ ಎಂದರೆ ಹೊರಗಿನವರು ಸುಮ್ಮನಾಗುತ್ತಾರೆ. ಅವಳನ್ನು ಗುಸಲ್‌ಗೆ ಯಾರೂ ಕರೆಯಕೂಡದು ಎಂದರೆ ಒಳಗಿನವರು ಸುಮ್ಮನಾಗುತ್ತಾರೆ. ಹಾಗೇ ಬರೆದೆ. ಶಾಂತಿಯ ಹಿತದೃಷ್ಟಿಯಿಂದ, ಎಂದು ಶುರು ಮಾಡಿದೆ. ಒಳ್ಳೆಯ ವಾಕ್ಯ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಶುಕ್ರವಾರದ ನಮಾಜಿನ ಮೇಲೆ ಮೈಕಿನಲ್ಲಿ ಓದಿದೆ, ಹಲಗೆಗೆ ಅಂಟಿಸಿದೆ, ವಾಟ್ಸಾಪಿಗೂ ಹಾಕಿದೆ. ಚೌಕಿಯ ಸಾಹೇಬರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಗಲ್ಲಿ ಶಾಂತವಾಯಿತು. ದಾವಲಬಿಗೆ ಕೌದಿ ಹೊಲಿಯಲು ಕೊಡುವುದನ್ನೂ ಜನ ನಿಲ್ಲಿಸಿದರು. ಅವಳು ಒಂದು ಮೆಸ್ಸಿನಲ್ಲಿ ಪಾತ್ರೆ ತಿಕ್ಕಲು ಹೋಗತೊಡಗಿದಳು. ಎದುರಿಗೆ ಸಿಕ್ಕರೆ ನಾನು ಫೋನು ನೋಡುತ್ತಿದ್ದೆ. ಗುಸಲ್‌ಗೆ ಹುಜೇಫಾ ಇಬ್ಬರು ಹೆಂಗಸರನ್ನು ಗೊತ್ತುಮಾಡಿದ. ಕೊಂಡ್ವಾ ಕಡೆಯಿಂದ ಬರುತ್ತಾರೆ, ಮುದ್ರಿಸಿದ ಕಾಗದ ನೋಡಿಕೊಂಡು ತೊಳೆಯುತ್ತಾರೆ.

ಇದೆಲ್ಲ ನಡೆಯುವಾಗ ನನ್ನ ಅವ್ವ ಹಾಸಿಗೆ ಹಿಡಿದಿದ್ದಳು. ವಯಸ್ಸು ಎಂಬತ್ತು ದಾಟಿತ್ತು. ಐವತ್ತು ವರ್ಷ ಪುಣೆಯಲ್ಲಿದ್ದರೂ ಮರಾಠಿ ಬರಲಿಲ್ಲ, ಉರ್ದು ಬರಲೇ ಇಲ್ಲ. ಸೆಕೆಗಾಲದಲ್ಲೂ ಉದ್ದ ತೋಳಿನ ಕುಪ್ಪಸ ತೊಡುತ್ತಿದ್ದಳು. ಎಡ ರಟ್ಟೆಯ ಮೇಲೆ ಹಚ್ಚೆ ಇತ್ತು. ತುಳಸಿ ಕಟ್ಟೆ. ಏಳೆಂಟು ವರ್ಷದವಳಿದ್ದಾಗ ಪಕ್ಕದ ಮನೆಯ ಗೆಳತಿ ಅಂಬಾ ಜೊತೆ ಕೂತು ಹಾಕಿಸಿಕೊಂಡದ್ದು. ಇಬ್ಬರಿಗೂ ಒಂದೇ ಸೂಜಿ, ಒಂದೇ ಚಿತ್ರ. ಆಗ ಊರಲ್ಲಿ ಯಾರೂ ಏನೂ ಅನ್ನಲಿಲ್ಲ. ಇಲ್ಲಿಗೆ ಬಂದ ಮೇಲೆ ಅನ್ನುವವರು ಹುಟ್ಟಿದರು. ಅವ್ವ ತೋಳು ಇಳಿಸಿದಳು. ಅದನ್ನು ನೋಡಿದವರು ನಾವು ಮನೆಯವರು, ಮತ್ತೆ ಅವಳಿಗೆ ಎಣ್ಣೆ ತಿಕ್ಕಲು ಬರುತ್ತಿದ್ದ ದಾವಲಬಿ.

ಸಾಯುವ ಭಯ ಅವ್ವನಿಗೆ ಇರಲಿಲ್ಲ. ಸತ್ತ ಮೇಲೆ ಯಾರು ಕುಪ್ಪಸ ಬಿಚ್ಚುತ್ತಾರೆ ಎಂಬ ಭಯ ಇತ್ತು. ಮೂರು ಸಲ ನನ್ನ ಕೈ ಹಿಡಿದು ಹೇಳಿದಳು.

“ದಾವಲಬಿನ್ನ ಕರಸು, ಲಾಡ್ಲ್ಯಾ. ಗುರ್ತಿಲ್ಲದಾವ್ರ ಕೈಯಾಗ ನನ್ನ ಕೊಡಬ್ಯಾಡ.”

ಮೂರು ಸಲವೂ ಹೂಂ ಎಂದೆ. ನೋಟೀಸಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ, ಚಹಾ ಕುಡಿಸುತ್ತಿದ್ದಾಗ, ಅವ್ವ ಹೋದಳು. ಚಹಾ ಬಾಯಿಯ ಪಕ್ಕದಿಂದ ಹೊರಗೆ ಬಂತು, ಅಷ್ಟೇ. ಸಂಜೆಯ ಅಸರ್ ನಮಾಜಿನ ಮೇಲೆ ಮಣ್ಣು ಎಂದು ಹಿರಿಯರು ಗೊತ್ತುಮಾಡಿದರು. ನಾನು ಹಿಂದಿನ ಓಣಿಯಿಂದ ದಾವಲಬಿಯ ಮನೆಗೆ ಹೋದೆ. ಹಿಂದಿನ ಓಣಿಯಲ್ಲಿ ಗಟಾರ ಒಡೆದಿದೆ, ಯಾರೂ ಓಡಾಡುವುದಿಲ್ಲ. ಅದಕ್ಕೇ ಆ ದಾರಿ ಹಿಡಿದೆ.

ಅವಳು ಕೆಲಸಕ್ಕೆ ಹೊರಟಿದ್ದಳು. ಸುದ್ದಿ ಹೇಳಿದೆ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸೋಡಾದ ಪುಡಿಗೆ ಅವಳ ಕೈಯ ತೊಗಲು ಒಡೆದು ಕೆಂಪಾಗಿತ್ತು. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವ್ವ ನಿನ್ನನ್ನೇ ಕೇಳಿದ್ದಳು. ಹಿಂದಿನ ಬಾಗಿಲಿನಿಂದ ಬಾ, ನಾನು ತೆರೆದಿಟ್ಟಿರುತ್ತೇನೆ. ಆ ಇಬ್ಬರು ಹೆಂಗಸರು ಬರುವುದರೊಳಗೆ ಮುಗಿಸಿ ಹೋಗಿಬಿಡು. ಯಾರಿಗೂ ಗೊತ್ತಾಗುವುದಿಲ್ಲ.

ಅವಳು ಅಳುವುದನ್ನು ನಿಲ್ಲಿಸಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಮುಖ ನೋಡಿದಳು.

“ಕಳ್ಳಿ ಹಂಗ ಬರಬೇಕೇನ್ರಿ?”

ಇವತ್ತೊಂದು ದಿನ, ಎಂದೆ. ಅವ್ವನ ಸಲುವಾಗಿ, ಎಂದೆ. ಆಮೇಲೆ ನಿಧಾನಕ್ಕೆ ಎಲ್ಲ ಸರಿ ಮಾಡೋಣ, ಎಂದೆ. ನಿಧಾನಕ್ಕೆ ಎಂಬುದು ನನ್ನ ಮಾತು, ಹನ್ನೊಂದು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿದ್ದೇನೆ.

“ನಿಮ್ಮವ್ವ ನನಗೂ ಅವ್ವನ ಆಗಿದ್ಲ್ರಿ. ಅದಕ್ಕ ಕದ್ದು ಬಂದು ಆಕಿನ್ನ ಮುಟ್ಟಾಂಗಿಲ್ಲ. ಎಲ್ಲಿ ಓದಿದ್ರಿ, ಅಲ್ಲೇ ನಿಂತು ಓದ್ರಿ. ತಪ್ಪಾತು ಅನ್ರಿ, ನಿಮ್ಮ ಬಾಯಿಲೆ. ಮುಂದಿನ ಬಾಗಲದಿಂದ ಬರ್ತೀನಿ, ಎಲ್ಲಾರ ಮುಂದ ಬರ್ತೀನಿ. ಇಲ್ಲಂದ್ರ ಬರೂದಿಲ್ರಿ.”

ನಾನು ಇನ್ನೂ ಏನೋ ಹೇಳುತ್ತಿದ್ದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಮೆಸ್ಸಿಗೂ ಹೋಗಲಿಲ್ಲವಂತೆ. ಮುಂದಿನ ಬಾಗಿಲಿನಿಂದ ಕರೆ ಬರಬಹುದೆಂದು ಬೋರೆ ಎಲೆ ಕುದಿಸಿ ಇಟ್ಟುಕೊಂಡು ಕೂತಿದ್ದಳೆಂದು ಆಮೇಲೆ ತಿಳಿಯಿತು.

ಮಧ್ಯಾಹ್ನದ ನಮಾಜಿನ ಮೇಲೆ ಸಾವಿನ ಸುದ್ದಿ ಹೇಳಲು ನಾನೇ ಎದ್ದು ನಿಂತೆ. ಮೈಕು ನನ್ನ ಕೈಯಲ್ಲಿತ್ತು. ಅವ್ವನ ಹೆಸರು ಹೇಳಿದೆ, ಮಣ್ಣಿನ ಹೊತ್ತು ಹೇಳಿದೆ. ಮುಂದಿನ ಮಾತು ನಾಲಿಗೆಯ ಮೇಲೆಯೇ ಇತ್ತು. ನಾಲ್ಕು ಶಬ್ದ. ಹುಜೇಫಾ ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ನನ್ನನ್ನು ನೋಡಲಿಲ್ಲ, ಹೆದರಿಸಲಿಲ್ಲ. ಯಾರೂ ಹೆದರಿಸಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಒಬ್ಬನಾದರೂ ಕಣ್ಣು ಕೆಂಪು ಮಾಡಿದ್ದರೆ ಹೇಳಿಕೊಳ್ಳಲು ಒಂದು ನೆಪ ಇರುತ್ತಿತ್ತು. ನಾನು ಮೈಕು ಕೆಳಗಿಟ್ಟೆ.

ಇಬ್ಬರು ಹೆಂಗಸರು ಬಂದರು. ಹಿತ್ತಲಿನಲ್ಲಿ ಪರದೆ ಕಟ್ಟಿದರು. ನೀರು ಹಾಕಲು ನನ್ನ ಹೆಂಡತಿ ರಮಜಾನಬಿ ಒಳಗೆ ನಿಂತಳು. ನಾನು ಪರದೆಯ ಹೊರಗೆ ನಿಂತಿದ್ದೆ. ನೀರು ಬೀಳುವ ಸದ್ದು ಕೇಳಿತು. ಆಮೇಲೆ ತಿಕ್ಕುವ ಸದ್ದು ಕೇಳಿತು. ಬಹಳ ಹೊತ್ತು ಕೇಳಿತು. ಹಿತ್ತಲಿನ ಹಾಸುಗಲ್ಲು ತೊಳೆಯುತ್ತಿರಬೇಕು ಎಂದುಕೊಂಡೆ. ಹೊತ್ತಾಯಿತು, ಬೇಗ ಮುಗಿಸಿ, ಎಂದು ಹೊರಗಿನಿಂದಲೇ ಕೂಗಿದೆ.

ಅವ್ವನನ್ನು ಹೊತ್ತೆವು, ಮಣ್ಣು ಕೊಟ್ಟೆವು. ಖಬರಸ್ತಾನದ ಗೇಟಿನ ಹತ್ತಿರ ರಾಘಣ್ಣ ನಿಂತಿದ್ದರು. ನನ್ನ ಭುಜ ಹಿಡಿದುಕೊಂಡರು. ಅವರು ಮಾತಾಡಿದ್ದು ಅವ್ವನ ಬಗ್ಗೆ ಅಲ್ಲ, ದಿವೆ ಘಾಟಿನ ಬಗ್ಗೆ. ಆ ದಿನ ಬಾಯಿ ಬಿಡಲಿಲ್ಲ, ಅಂದಿನಿಂದ ವಿಠ್ಠಲನ ಮುಂದೆ ನಿಂತರೆ ಆ ಹೆಂಗಸಿನ ಮುಖವೇ ಕಾಣುತ್ತದೆ, ಎಂದರು. ನನಗೆ ಸಮಾಧಾನ ಹೇಳಲು ಬರುತ್ತದಲ್ಲ, ಹೇಳಿದೆ. ಇಬ್ಬರೂ ಒಳ್ಳೆಯವರೆಂದು ಹೆಸರು ಪಡೆದವರು. ಗಲ್ಲಿ ಹಾಳಾಗಲು ನಮ್ಮಂಥ ಇಬ್ಬರು ಸಾಕು.

ಮೂರನೆಯ ದಿನ, ಗುರುವಾರ, ಗೋರಿಯ ಹತ್ತಿರ ಜಿಯಾರತ್ ಪ್ರಾರ್ಥನೆ ಮುಗಿಸಿ ಬಂದವರೆಲ್ಲ ಉಂಡು ಹೋದರು. ರಮಜಾನಬಿ ಪಾತ್ರೆಗಳ ಮಧ್ಯೆ ಕೂತಿದ್ದಳು. ತಿಕ್ಕುತ್ತಿರಲಿಲ್ಲ. ಕೈಯಲ್ಲಿ ತಾರಿನ ಗುಂಜು ಹಿಡಿದು ಅದನ್ನೇ ನೋಡುತ್ತಿದ್ದಳು. ಏನಾಯಿತು ಎಂದು ಕೇಳಿದೆ.

“ಇದರಲೇನ ತಿಕ್ಕಿದ್ರು” ಎಂದಳು.

ನನಗೆ ತಿಳಿಯಲಿಲ್ಲ. ಆಮೇಲೆ ಅವಳು ಎಲ್ಲ ಹೇಳಿದಳು. ಕುಪ್ಪಸ ಬಿಚ್ಚಿದ ಕೂಡಲೇ ಆ ಇಬ್ಬರು ತೌಬಾ ತೌಬಾ ಎಂದರಂತೆ. ಇದನ್ನು ಹೊತ್ತುಕೊಂಡು ಅಲ್ಲಾಹನ ಮುಂದೆ ಹೇಗೆ ಹೋಗುತ್ತಾಳೆ ಎಂದರಂತೆ. ಮೊದಲು ಸಾಬೂನು ಹಾಕಿ ಉಜ್ಜಿದರು. ಹೋಗಲಿಲ್ಲ. ಪಾತ್ರೆಯ ಬುಟ್ಟಿಯಿಂದ ತಾರಿನ ಗುಂಜು ತೆಗೆದುಕೊಂಡರು. ರಟ್ಟೆಯ ತೊಗಲು ಸುಲಿದು ಬಂತು. ಹಚ್ಚೆಯ ಹಸಿರು ಹೋಗಲಿಲ್ಲ. ಮೇಲೆ ಅರಳೆ ಒತ್ತಿ ಕಫನ್ ಬಟ್ಟೆ ಸುತ್ತಿದರು. ಅವ್ವನ ಜೊತೆ ಒಬ್ಬರೂ ಒಂದು ಮಾತಾಡಲಿಲ್ಲ.

“ನಾ ನೀರ ಹಾಕಿದೆ. ಹಾಕು ಅಂದಾಗೆಲ್ಲಾ ಹಾಕಿದೆ” ಎಂದಳು ರಮಜಾನಬಿ. “ನೀವು ಹೊರಗ ನಿಂತು ಲಗೂ ಮುಗಸ್ರಿ ಅಂದ್ರಿ.”

ಆ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶುಕ್ರವಾರ ನಮಾಜಿಗೆ ಮೊದಲು ಹುಜೇಫಾನನ್ನು ಕೈಕಾಲು ತೊಳೆದು ವಜೂ ಮಾಡುವ ನಲ್ಲಿಯ ಹತ್ತಿರ ಹಿಡಿದು ಕೇಳಿದೆ. ಅವನ ಮುಖ ಕಪ್ಪಿಟ್ಟಿತು. ಹಚ್ಚೆಯನ್ನು ಹಾಗೇ ಬಿಡಬೇಕು, ಹೆಣಕ್ಕೆ ನೋವು ಮಾಡುವುದು ಗುನಾಹ್, ಪಾಪ, ದೀನು ಹಾಗೆ ಹೇಳುವುದಿಲ್ಲ ಎಂದ. ಆ ಹೆಂಗಸರಿಗೆ ತಿಳಿವಳಿಕೆ ಸಾಲದು, ಹೇಳುತ್ತೇನೆ, ಎಂದ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ನೀನು ಕಲಿಸಿದ್ದು ಭಯವನ್ನು, ಅವರು ಅದನ್ನು ಸರಿಯಾಗಿಯೇ ಕಲಿತರು, ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅವನೇ ಮುಂದುವರಿಸಿದ. ಈ ವಿಷಯ ಹೊರಗೆ ಹೋಗಬಾರದು, ಚಾಚಾ. ಹೊರಗಿನವರು ಇದನ್ನೇ ಹಿಡಿದುಕೊಂಡು ಕುಣಿಯುತ್ತಾರೆ. ಶಾಂತಿ ಮುಖ್ಯ. ಅಧ್ಯಕ್ಷರಿಗೆ ಆರೋಗ್ಯವಿಲ್ಲ, ಈ ಸಲ ನೀವೇ ಅಧ್ಯಕ್ಷರಾಗಿ. ಜಮಾತಿಗೆ ನಿಮ್ಮಂಥ ಸಮಾಧಾನದ ಮನುಷ್ಯ ಬೇಕು.

ಸಮಾಧಾನದ ಮನುಷ್ಯ. ಮುಖಕ್ಕೆ ಯಾರೋ ಉಗಿದ ಹಾಗಾಯಿತು. ಅವನ ಬಾಯಲ್ಲಿದ್ದದ್ದು ನನ್ನದೇ ನೋಟೀಸಿನ ಮಾತು.

ನಮಾಜು ಮುಗಿಯಿತು. ಎದ್ದು ಮೈಕು ಹಿಡಿದೆ. ಅಧ್ಯಕ್ಷನಾಗಲು ಒಪ್ಪುತ್ತೇನೆಂದು ಎಲ್ಲರೂ ತಿಳಿದರು. ನನಗೆ ಉರ್ದು ಬಾಯಿಗೆ ಬರಲಿಲ್ಲ. ಆ ಮೈಕಿನಲ್ಲಿ ಅಲ್ಲಿಯವರೆಗೆ ಯಾರೂ ಕನ್ನಡ ಮಾತಾಡಿರಲಿಲ್ಲ.

“ದಾವಲಬಿ ಏನೂ ತಪ್ಪು ಮಾಡಿಲ್ಲ. ಅಂಜಿಕೊಂಡು ನಾ ಸುಳ್ಳು ಬರದೆ. ಆಕಿನ್ನ ಬಿಟ್ಟು ನನ್ನವ್ವನ್ನ ಗುರ್ತಿಲ್ಲದಾವ್ರ ಕೈಯಾಗ ಕೊಟ್ಟೆ. ಅವರು ಆಕಿ ರಟ್ಟಿ ತೊಗಲು ಸುಲದ್ರು.”

ಆಮೇಲೆ ಕನ್ನಡ ತಿಳಿಯದವರಿಗಾಗಿ ಹರಕು ಉರ್ದುವಿನಲ್ಲಿ ಅದನ್ನೇ ಹೇಳಿದೆ. ತುಳಸಿ ಕಟ್ಟೆಯ ಹೆಸರು ಹೇಳಿದೆ. ರಸ್ತೆಯಲ್ಲಿ ನಾಲ್ಕು ಹುಡುಗರು ಅವಳಿಗೆ ಮಾಡಿದ್ದನ್ನೇ ನಾವು ಮಸೀದಿಯಲ್ಲಿ ಕೂತು ಮಾಡಿದೆವು, ಅವರಿಗೆ ಫೋನು ಬೇಕಾಯಿತು, ನಮಗೆ ಒಂದು ಹಾಳೆ ಸಾಕಾಯಿತು, ಎಂದೆ. ಯಾರೋ ಮೈಕು ಬಂದ್ ಮಾಡಿದರು. ಬಾಯಲ್ಲೇ ಹೇಳಿದೆ. ಅರ್ಧ ಜನ ಎದ್ದು ಚಪ್ಪಲಿ ಹುಡುಕಿಕೊಂಡು ಹೋದರು. ಗಾದಿ ಹೊಲಿಯುವ ಮೂವರು ಮುದುಕರು ಎದ್ದು ಬಂದು ನನ್ನ ಪಕ್ಕ ನಿಂತರು, ಅಷ್ಟೇ. ಹಲಗೆಯಿಂದ ನೋಟೀಸು ಕಿತ್ತೆ. ಗೇಟು ದಾಟುವ ಮೊದಲೇ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದ್ದರು.

ಮುಂದಿನ ಬೀದಿಯಿಂದ, ಎಲ್ಲರೂ ನೋಡುವ ಹಾಗೆ, ದಾವಲಬಿಯ ಮನೆಗೆ ಹೋದೆ. ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಿರಲಿಲ್ಲ. ಅವಳು ಬಾಗಿಲಲ್ಲೇ ಇದ್ದಳು. ಓಣಿಯ ಹೆಂಗಸರು ನನಗಿಂತ ಮೊದಲು ಬಂದು ಎಲ್ಲ ಹೇಳಿ ಹೋಗಿದ್ದರು.

“ಹೇಳಿದೆ, ದಾವಲಬಿ” ಎಂದೆ.

“ಕೇಳಿದೆ” ಎಂದಳು.

ನಾನು ನಿಂತೇ ಇದ್ದೆ. ಕೂಡ್ರಿ ಎನ್ನಲಿಲ್ಲ. ಅವಳು ತನ್ನ ಎಡ ರಟ್ಟೆಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡಳು.

“ಮಂಗಳವಾರ ಹೇಳಬೇಕಿತ್ತ್ರಿ, ಲಾಡ್ಲೇಸಾಬ್ರ. ಇವತ್ತು ಶುಕ್ರವಾರ.”